ಲೊರೆಟ್ಟಾ ಲಿನ್ ಹಾಡುಗಳು ಯಾರಿಗೆ ಹೇಳಿದ ಮಾತು?

ಹಾಡುಹಕ್ಕಿ (ಎಳೆ ಶುರು ಮಾಡಿದವರು)

ನಮಸ್ಕಾರ ಎಲ್ಲರಿಗೂ. ಅಮೆರಿಕದ ಕಂಟ್ರಿ ಸಂಗೀತದ ಮಾತು ಬಂದಾಗ ಇಲ್ಲಿ ಜಾನ್ ಡೆನ್ವರ್, ಜಾನಿ ಕ್ಯಾಶ್, ಡಾಲಿ ಪಾರ್ಟನ್ ಹೆಸರು ಬರುತ್ತವೆ. ಲೊರೆಟ್ಟಾ ಲಿನ್ ಹೆಸರು ಬರುವುದು ಕಡಿಮೆ. ನನಗೆ ಇದು ಬೇಸರದ ವಿಷಯ. ಹಾಡು ಬರೆಯುವವರಾಗಿ ಅವರು ಮಾಡಿದ ಕೆಲಸ ದೊಡ್ಡದು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಅವರ ಒಳ್ಳೆಯ ಹಾಡುಗಳನ್ನು ಕೇಳಿ ನೋಡಿ. ಹೆಚ್ಚಿನವು ಅಳಲು ತೋಡಿಕೊಳ್ಳುವ ಹಾಡುಗಳಲ್ಲ. ಎದುರಿಗೆ ಯಾರೋ ನಿಂತಿದ್ದಾರೆ, ಅವರ ಮುಖಕ್ಕೇ ಹೇಳುವ ಮಾತು. ಕುಡಿದು ಮನೆಗೆ ಬಂದ ಗಂಡನಿಗೆ. ಗಂಡನ ಮೇಲೆ ಕಣ್ಣು ಹಾಕಿದ ಹೆಂಗಸಿಗೆ. ಗಂಡನನ್ನು ಯುದ್ಧಕ್ಕೆ ಕರೆದ ಸರ್ಕಾರಕ್ಕೆ. ಮೋಸ ಹೋದೆ ಎಂದು ಒಬ್ಬಳೇ ಕೂತು ಅಳುವ ಹೆಂಗಸಿನ ಹಾಡುಗಳು ಕಂಟ್ರಿಯಲ್ಲಿ ಬೇಕಾದಷ್ಟಿದ್ದವು. ಆ ಹೆಂಗಸು ಎದ್ದು ಬಂದು ಬಾಗಿಲಲ್ಲಿ ನಿಂತು ಮಾತಾಡಿದ್ದು ಲೊರೆಟ್ಟಾ ಬರೆದ ಹಾಡುಗಳಲ್ಲಿ.

ಅವರ ಬದುಕು ಗೊತ್ತಿಲ್ಲದವರಿಗೆ ಒಂದಿಷ್ಟು ವಿವರ. ಹುಟ್ಟಿದ್ದು 1932ರ ಏಪ್ರಿಲ್ 14ರಂದು, ಕೆಂಟಕಿ ರಾಜ್ಯದ ಪೂರ್ವ ಭಾಗದ ಬುಚರ್ ಹಾಲೋದಲ್ಲಿ. ಗುಡ್ಡಗಳ ನಡುವೆ ಇಕ್ಕಟ್ಟಾದ ಒಂದು ಕಣಿವೆ ಅದು. ಪಕ್ಕದಲ್ಲಿ ವ್ಯಾನ್ ಲಿಯರ್, ಕಲ್ಲಿದ್ದಲು ಕಂಪನಿ ಕಟ್ಟಿದ ಊರು. ಅಪ್ಪ ಟೆಡ್ ವೆಬ್ ಅಲ್ಲಿ ಗಣಿ ಕೆಲಸ ಮಾಡುತ್ತಿದ್ದರು, ಜೊತೆಗೆ ಚೂರುಪಾರು ಬೇಸಾಯ. ಎಂಟು ಮಕ್ಕಳಲ್ಲಿ ಲೊರೆಟ್ಟಾ ಎರಡನೆಯವರು. ಎಲ್ಲರಿಗಿಂತ ಚಿಕ್ಕ ತಂಗಿ ಮುಂದೆ ಕ್ರಿಸ್ಟಲ್ ಗೇಲ್ ಎಂಬ ಹೆಸರಿನಲ್ಲಿ ತಾನೂ ದೊಡ್ಡ ಗಾಯಕಿಯಾದರು. ಮನೆಯಲ್ಲಿ ಬ್ಯಾಟರಿ ರೇಡಿಯೋ ಇತ್ತು. ಶನಿವಾರ ರಾತ್ರಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನಿಂದ ಬರುತ್ತಿದ್ದ ಗ್ರ್ಯಾಂಡ್ ಓಲ್ ಆಪ್ರಿ ಕಾರ್ಯಕ್ರಮವನ್ನು ಮನೆಮಂದಿಯೆಲ್ಲ ಕೇಳುತ್ತಿದ್ದರು.

1948ರ ಜನವರಿಯಲ್ಲಿ ಮದುವೆ. ಆಗ ಲೊರೆಟ್ಟಾಗೆ 15 ವರ್ಷ. ಹುಡುಗ ಆಲಿವರ್ ಲಿನ್, ಎಲ್ಲರ ಬಾಯಲ್ಲಿ ಡೂಲಿಟಲ್, ಚಿಕ್ಕದಾಗಿ ಡೂ. ('ಕೋಲ್ ಮೈನರ್ಸ್ ಡಾಟರ್' ಎಂಬ ಅವರ ಆತ್ಮಕಥೆಯಲ್ಲೂ ಅದೇ ಹೆಸರಿನ ಸಿನಿಮಾದಲ್ಲೂ 13 ಎಂದಿದೆ. ಹಳೆಯ ದಾಖಲೆಗಳು 2012ರಲ್ಲಿ ಹೊರಬಂದ ಮೇಲೆ ನಿಜವಾದ ವಯಸ್ಸು ಗೊತ್ತಾಯಿತು.) ಬಸುರಿ ಹುಡುಗಿ ತವರು ಬಿಟ್ಟು ದೇಶದ ಇನ್ನೊಂದು ತುದಿಗೆ, ವಾಷಿಂಗ್ಟನ್ ರಾಜ್ಯದ ಕಸ್ಟರ್ ಎಂಬ ಊರಿಗೆ ಹೋದಳು. ಅಮ್ಮ ಇಲ್ಲ, ಅಕ್ಕಪಕ್ಕದ ನೆಂಟರಿಲ್ಲ. ಕೆಲವೇ ವರ್ಷಗಳಲ್ಲಿ ಮಡಿಲಲ್ಲಿ ನಾಲ್ಕು ಮಕ್ಕಳು.

ಹೆಂಡತಿ ಮನೆಗೆಲಸ ಮಾಡುತ್ತಾ ಹಾಡಿಕೊಳ್ಳುವುದನ್ನು ಡೂ ಕೇಳಿಸಿಕೊಂಡಿದ್ದ. 1953ರಲ್ಲಿ ಸಿಯರ್ಸ್ ಕಂಪನಿಯ ಹಾರ್ಮನಿ ಗಿಟಾರ್ ಒಂದನ್ನು 17 ಡಾಲರ್ ಕೊಟ್ಟು ತಂದ. ಕಲಿಸುವವರು ಯಾರೂ ಇರಲಿಲ್ಲ. ತಾನೇ ತಂತಿ ಮೀಟಿ ಕಲಿತರು. ಆಮೇಲೆ ಊರಿನ ಸಭಾಂಗಣಗಳಲ್ಲಿ, ಬಾರ್‌ಗಳಲ್ಲಿ ಹಾಡಿದರು. ಟಕೋಮಾದಲ್ಲಿ ಬಕ್ ಓವೆನ್ಸ್ ನಡೆಸುತ್ತಿದ್ದ ಟಿವಿ ಕಾರ್ಯಕ್ರಮದಲ್ಲಿ ಇವರು ಹಾಡಿದ್ದನ್ನು ಕೆನಡಾದ ಮರದ ವ್ಯಾಪಾರಿ ನಾರ್ಮ್ ಬರ್ಲಿ ನೋಡಿ ಮೆಚ್ಚಿದರು. ಅವರ ದುಡ್ಡಿನಿಂದಲೇ ಜೀರೋ ರೆಕಾರ್ಡ್ಸ್ ಎಂಬ ಸಣ್ಣ ಕಂಪನಿಯಲ್ಲಿ 1960ರಲ್ಲಿ 'ಹಾಂಕಿ ಟಾಂಕ್ ಗರ್ಲ್' ಹಾಡು ಬಂತು.

ಮುಂದಿನದು ನನಗೆ ತುಂಬಾ ಇಷ್ಟದ ಭಾಗ. ಆ ಕಂಪನಿಗೆ ರೆಕಾರ್ಡ್ ಹಂಚುವ ಶಕ್ತಿ ಇರಲಿಲ್ಲ. ಗಂಡ ಹೆಂಡತಿ ಇಬ್ಬರೇ ಪ್ಯಾಕ್ ಮಾಡಿ, ಫೋಟೋ ಇಟ್ಟು, ರೇಡಿಯೋ ಸ್ಟೇಷನ್‌ಗಳಿಗೆ ಅಂಚೆಯಲ್ಲಿ ಕಳಿಸಿದರು. ಆಮೇಲೆ ಹಳೇ ಕಾರು ಹತ್ತಿ ಒಂದೊಂದೇ ಸ್ಟೇಷನ್‌ಗೆ ಹೋದರು. ಮಲಗಿದ್ದು ಕಾರಿನಲ್ಲೇ, ಊಟ ಬ್ರೆಡ್ಡು. ಸ್ಟೇಷನ್ ಒಳಗೆ ಹೋಗಿ, "ನಾನು ಲೊರೆಟ್ಟಾ ಲಿನ್, ನನ್ನ ರೆಕಾರ್ಡ್ ಹಾಕುತ್ತೀರಾ" ಎಂದು ಕೇಳುವುದು. ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ ಹಾಡು 14ನೇ ಸ್ಥಾನಕ್ಕೆ ಏರಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಪ್ರಿ ವೇದಿಕೆ ಸಿಕ್ಕಿತು. ರೇಡಿಯೋದಲ್ಲಿ ಕೇಳಿ ಬೆಳೆದ ಕಾರ್ಯಕ್ರಮ ಅದು. 1962ರಲ್ಲಿ ಅದರ ಕಾಯಂ ಸದಸ್ಯರಾದರು.

ಇಷ್ಟು ಸಾಕು. ಉಳಿದದ್ದನ್ನು ಮಾತಾಡುತ್ತಾ ಹೋಗೋಣ.

ಧಾರವಾಡದವ

ಒಳ್ಳೆಯ ಎಳೆ. ಆದರೆ ಒಂದು ಪ್ರಶ್ನೆ. ಎದ್ದು ನಿಂತು ಮಾತಾಡಿದ್ದು ಇವರೇ ಮೊದಲು ಅನ್ನುವಂತಿದೆ ನಿಮ್ಮ ಬರಹ. ಕಿಟ್ಟಿ ವೆಲ್ಸ್ 1952ರಲ್ಲೇ ಹಾಡಿರಲಿಲ್ಲವಾ? ಗಂಡಸರ ತಪ್ಪನ್ನು ಹೆಂಗಸರ ತಲೆಗೆ ಕಟ್ಟಬೇಡಿ ಎಂದು ಹೇಳಿದ ಹಾಡು ಅದು. ಒಬ್ಬಳೇ ಹಾಡಿ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದ ಮೊದಲ ಹೆಂಗಸು ಅವರು.

ಸ್ಟೀಲ್ ಗಿಟಾರ್

@ಧಾರವಾಡದವ ಸರ್, ಕಿಟ್ಟಿ ವೆಲ್ಸ್ ಇಲ್ಲದೆ ಲೊರೆಟ್ಟಾ ಇಲ್ಲ, ಅದು ನಿಜ. ಲೊರೆಟ್ಟಾ ತಾವೇ ಎಷ್ಟೋ ಸಲ ಅವರನ್ನು ನೆನೆದಿದ್ದಾರೆ. ಆದರೆ ಆ ಹಾಡನ್ನು ಬರೆದವರು ಜೆ. ಡಿ. ಮಿಲ್ಲರ್, ಗಂಡಸು. ಹ್ಯಾಂಕ್ ಥಾಂಪ್ಸನ್ ಹಾಡಿದ್ದ ಇನ್ನೊಂದು ಹಾಡಿಗೆ ಉತ್ತರವಾಗಿ ಬರೆದದ್ದು. ದನಿ ಹೆಂಗಸಿನದು, ಮಾತು ಗಂಡಸಿನದು. ಆಗ ನ್ಯಾಶ್‌ವಿಲ್‌ನಲ್ಲಿ ನಡೆಯುತ್ತಿದ್ದದ್ದೇ ಹಾಗೆ. ಹಾಡು ಬರೆಯುವವರು ಬೇರೆ, ಹಾಡುವವರು ಬೇರೆ. ಹೆಂಗಸರಂತೂ ಬರೆಯುತ್ತಿದ್ದದ್ದು ಕಡಿಮೆ.

ಹಾಡುಹಕ್ಕಿಯವರ ಮಾತಿಗೆ ನನ್ನದೊಂದು ಸೇರ್ಪಡೆ. 1960ರ ಆ ಮೊದಲ ಹಾಡನ್ನು ಲೊರೆಟ್ಟಾ ತಾವೇ ಬರೆದರು. ಆದರೆ ಅದು ಹಳೇ ಧಾಟಿಯದು. ಪ್ರೀತಿ ಕಳೆದುಕೊಂಡು ಬಾರ್‌ನಲ್ಲಿ ಕೂತು ಕಣ್ಣೀರು ಹಾಕುವವಳ ಹಾಡು. ಕಿಟ್ಟಿ ವೆಲ್ಸ್ ಹಾಡುವ ರೀತಿಯೂ ಅದರಲ್ಲಿ ಕೇಳಿಸುತ್ತದೆ. ನೀವು ಹೇಳುವ ಲೊರೆಟ್ಟಾ ಕಾಣಿಸುವುದು 1966ರಲ್ಲಿ. ಆ ಆರು ವರ್ಷದಲ್ಲಿ ಏನಾಯಿತು ಎನ್ನುವುದು ನನಗೆ ಕುತೂಹಲ.

ಹಾಡುಹಕ್ಕಿ

@ಸ್ಟೀಲ್ ಗಿಟಾರ್, ಸರಿಯಾದ ಜಾಗಕ್ಕೇ ಬಂದಿರಿ. ಆ ಆರು ವರ್ಷದಲ್ಲಿ ಮೂರು ವಿಷಯ ನಡೆದವು ಎಂದು ನನ್ನ ಲೆಕ್ಕ.

ಮೊದಲನೆಯದು ಆಗಲೇ ಹೆಸರಾಗಿದ್ದ ಕಂಟ್ರಿ ಗಾಯಕಿ ಪ್ಯಾಟ್ಸಿ ಕ್ಲೈನ್. 1961ರ ಜೂನ್‌ನಲ್ಲಿ ಪ್ಯಾಟ್ಸಿಗೆ ಕಾರು ಅಪಘಾತವಾಗಿ ಆಸ್ಪತ್ರೆಯಲ್ಲಿದ್ದರು. ಗಾಯಕ ಅರ್ನೆಸ್ಟ್ ಟಬ್ ಅವರ ರೆಕಾರ್ಡ್ ಅಂಗಡಿಯಿಂದ ಶನಿವಾರ ನಡುರಾತ್ರಿ ಒಂದು ರೇಡಿಯೋ ಕಾರ್ಯಕ್ರಮ ಬರುತ್ತಿತ್ತು. ಲೊರೆಟ್ಟಾ ಅದರಲ್ಲಿ ಪ್ಯಾಟ್ಸಿಯ ಹಾಡನ್ನೇ ಹಾಡಿ, ಇದು ಅವರಿಗಾಗಿ ಎಂದರು. ಆಸ್ಪತ್ರೆಯಲ್ಲಿ ಕೇಳಿಸಿಕೊಂಡ ಪ್ಯಾಟ್ಸಿ ಗಂಡನನ್ನು ಕಳಿಸಿ ಕರೆಸಿಕೊಂಡರು. ಅಲ್ಲಿಂದ ಗೆಳೆತನ. ಹೊಸದಾಗಿ ಬಂದ ಹುಡುಗಿ ಎಂದು ಕೆಲವರು ಮುಖ ತಿರುಗಿಸುತ್ತಿದ್ದಾಗ ಪ್ಯಾಟ್ಸಿ ಜೊತೆಗೆ ನಿಂತರು. ಬಟ್ಟೆ ಕೊಡಿಸಿದರು, ವೇದಿಕೆ ಮೇಲೆ ನಡೆಯುವುದು ಹೇಗೆ ಎಂದು ಹೇಳಿಕೊಟ್ಟರು, ಗಂಡನ ಮುಂದೆ ಬಾಯಿ ಬಿಟ್ಟು ಮಾತಾಡು ಎಂದರು. 1963ರ ಮಾರ್ಚ್ 5ರಂದು ವಿಮಾನ ಬಿದ್ದು ಪ್ಯಾಟ್ಸಿ ತೀರಿಹೋದರು, ಬರೀ 30 ವರ್ಷಕ್ಕೆ. ಮರುವರ್ಷ ಹುಟ್ಟಿದ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಲೊರೆಟ್ಟಾ ಪ್ಯಾಟ್ಸಿ ಎಂದೇ ಹೆಸರಿಟ್ಟರು.

ಎರಡನೆಯದು, ಡೆಕ್ಕಾ ರೆಕಾರ್ಡ್ ಕಂಪನಿ ಮತ್ತು ನಿರ್ಮಾಪಕ ಓವೆನ್ ಬ್ರಾಡ್ಲಿ. ಹೇಳಿ ಬರೆಸಿದ ಹಾಡಿಗಿಂತ ಈಕೆ ತಾನೇ ಬರೆದದ್ದು ಚೆನ್ನಾಗಿದೆ ಎಂದು ಬ್ರಾಡ್ಲಿ ಗುರುತಿಸಿದರು.

ಮೂರನೆಯದು ಊರೂರು ತಿರುಗಾಟ. ಪ್ರತಿ ಊರಲ್ಲೂ ಕಾರ್ಯಕ್ರಮ ಮುಗಿದ ಮೇಲೆ ಹೆಂಗಸರು ಬಂದು ಮಾತಾಡುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು ವೇದಿಕೆ ಹಿಂದೆ ಬಂದು, ನನ್ನ ಗಂಡ ಇನ್ನೊಬ್ಬಳ ಜೊತೆ ಮುಂದಿನ ಸಾಲಿನಲ್ಲೇ ಕೂತಿದ್ದಾನೆ ಎಂದು ಅತ್ತಳಂತೆ. ಲೊರೆಟ್ಟಾ ಪರದೆ ಸರಿಸಿ ಆ ಇನ್ನೊಬ್ಬಳನ್ನು ನೋಡಿದರು. ನಿನ್ನ ಗಂಡನನ್ನು ಕಿತ್ತುಕೊಳ್ಳುವಷ್ಟು ಹೆಣ್ಣಲ್ಲ ಅವಳು ಎಂದು ಸಮಾಧಾನ ಹೇಳಿದರು. ಅಲ್ಲೇ ಬಣ್ಣದ ಕೋಣೆಯಲ್ಲಿ ಕೂತು ಹಾಡು ಬರೆದರು. 1966ರ 'ಯು ಏಂಟ್ ವುಮನ್ ಇನಫ್' ಅದು, ಪಟ್ಟಿಯಲ್ಲಿ 2ನೇ ಸ್ಥಾನ. ಸಮಾಧಾನ ಹೇಳಿದ್ದು ಅಳುತ್ತಿದ್ದವಳಿಗೆ, ಹಾಡು ಬರೆದದ್ದು ಮುಂದಿನ ಸಾಲಿನಲ್ಲಿ ಕೂತಿದ್ದವಳಿಗೆ. ನಾನು ಹೇಳುತ್ತಿರುವುದು ಇದನ್ನೇ.

ಅದಾದ ಮೇಲೆ ತಂಗಿ ಪೆಗ್ಗಿ ಸೂ ಜೊತೆ ಸೇರಿ ಬರೆದ 'ಡೋಂಟ್ ಕಮ್ ಹೋಮ್ ಎ-ಡ್ರಿಂಕಿನ್' 1967ರಲ್ಲಿ ಮೊದಲ ಸ್ಥಾನಕ್ಕೆ ಬಂತು. ಕುಡಿದು ಬಂದು ನನ್ನ ಹತ್ತಿರ ಪ್ರೀತಿ ಕೇಳಬೇಡ ಎಂದು ಗಂಡನಿಗೆ ಹೇಳುವ ಹಾಡು. ರೇಡಿಯೋದಲ್ಲಿ ಇದನ್ನು ಕೇಳಿ ಎಷ್ಟು ಮನೆಗಳಲ್ಲಿ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿರಬೇಕು!

ರೇಡಿಯೋ ಕಿವಿ

'ಡಿಯರ್ ಅಂಕಲ್ ಸ್ಯಾಮ್' ಮರೆಯಬೇಡಿ. ಅದೂ 1966ರದ್ದೇ. ವಿಯೆಟ್ನಾಂ ಯುದ್ಧದ ಕಾಲ. ನಿನಗೆ ಅವನು ಬೇಕು ಗೊತ್ತು, ಆದರೆ ನನಗೆ ಜಾಸ್ತಿ ಬೇಕು ಎಂದು ಹೆಂಡತಿ ಸರ್ಕಾರಕ್ಕೆ ಹೇಳುತ್ತಾಳೆ. ಕೊನೆಯಲ್ಲಿ ಗಂಡ ಸತ್ತ ತಂತಿ ಬರುತ್ತದೆ. ಕಂಟ್ರಿಯಲ್ಲಿ ಆಗ ಯುದ್ಧದ ಪರ ಹಾಡುಗಳೇ ಜಾಸ್ತಿ ಇದ್ದವು. ಈಕೆ ಪರವೂ ಅಲ್ಲ, ವಿರೋಧವೂ ಅಲ್ಲ. ದೇಶವನ್ನು ಪ್ರೀತಿಸುತ್ತೇನೆ ಎಂದು ಹೇಳುತ್ತಲೇ ತನ್ನ ನಷ್ಟವನ್ನು ಮುಂದಿಡುತ್ತಾಳೆ. ನನಗೆ ಅದಕ್ಕಿಂತ ಬಲವಾದ ಯುದ್ಧದ ಹಾಡು ಕಂಟ್ರಿಯಲ್ಲಿ ಕಂಡಿಲ್ಲ.

ಮಲೆನಾಡ ಹುಡುಗಿ

ನಾನು ಇವರ ಬಗ್ಗೆ ತಿಳಿದದ್ದು 'ದಿ ಪಿಲ್' ಹಾಡಿನಿಂದ. ಗರ್ಭನಿರೋಧಕ ಮಾತ್ರೆ ಬಗ್ಗೆ 1975ರಲ್ಲಿ ಒಂದು ಕಂಟ್ರಿ ಹಾಡು! ಇಷ್ಟು ವರ್ಷ ನೀನು ಹೊರಗೆ ಸುತ್ತಿದೆ, ನಾನು ಬಸುರಿಯಾಗಿ ಮನೆಯಲ್ಲಿದ್ದೆ, ಇನ್ನು ಮುಂದೆ ಹಾಗಿಲ್ಲ, ನನಗೆ ಮಾತ್ರೆ ಸಿಕ್ಕಿದೆ ಎಂದು ಗಂಡನಿಗೆ ಹೇಳುವ ಹಾಡು. ಇದೂ ನಿಮ್ಮ ಲೆಕ್ಕಕ್ಕೆ ಸರಿಹೋಗುತ್ತದೆ, ಅಲ್ವಾ? ಎದುರಿಗೆ ನಿಂತವನಿಗೇ ಹೇಳುವ ಮಾತು. ಹಾಡಿನಲ್ಲಿ ದುಃಖವೇ ಇಲ್ಲ. ಖುಷಿಯಿದೆ. ಆ ಖುಷಿಗೇ ಜನ ಸಿಟ್ಟಾದರು ಅನ್ನಿಸುತ್ತದೆ ನನಗೆ.

ಸ್ಟೀಲ್ ಗಿಟಾರ್

@ಮಲೆನಾಡ ಹುಡುಗಿ, ಖುಷಿಯ ಮಾತು ನೂರಕ್ಕೆ ನೂರು ನಿಜ. ಸ್ವಲ್ಪ ವಿವರ ಕೊಡುತ್ತೇನೆ. ರೆಕಾರ್ಡ್ ಆಗಿದ್ದು 1972ರಲ್ಲೇ. ಕಂಪನಿ ಹೆದರಿ ಇಟ್ಟುಕೊಂಡಿತ್ತು. ಹೊರಬಂದದ್ದು 1975ರ ಶುರುವಿನಲ್ಲಿ. ಹತ್ತಾರು ರೇಡಿಯೋ ಸ್ಟೇಷನ್‌ಗಳು ಹಾಕುವುದಿಲ್ಲ ಎಂದವು. ಕೆಲವು ಪಾದ್ರಿಗಳು ಚರ್ಚ್‌ನಲ್ಲೇ ಖಂಡಿಸಿದರು. ಆದರೂ ಕಂಟ್ರಿ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಬಂತು. ಎಲ್ಲ ಬಗೆಯ ಹಾಡುಗಳ ಪಟ್ಟಿಯಲ್ಲೂ 70ನೇ ಸ್ಥಾನ ಸಿಕ್ಕಿತು, ಅವರು ಒಬ್ಬರೇ ಹಾಡಿದ ಹಾಡುಗಳಲ್ಲಿ ಅದೇ ಅತಿ ಎತ್ತರ.

ಆದರೆ ಒಂದು ಮಾತು. ಆ ಹಾಡಿನ ಬರಹಗಾರರ ಹೆಸರಲ್ಲಿ ಲೊರೆಟ್ಟಾ ಇಲ್ಲ. ಲೊರೀನ್ ಅಲನ್, ಡಾನ್ ಮೆಕ್‌ಹ್ಯಾನ್, ಟಿ. ಡಿ. ಬೇಲೆಸ್ ಎಂದಿದೆ. ಮಕ್ಕಳ ಕಾಟದ ಇನ್ನೊಂದು ಪ್ರಸಿದ್ಧ ಹಾಡು 'ಒನ್ಸ್ ಆನ್ ದಿ ವೇ' ಬರೆದವರು ಶೆಲ್ ಸಿಲ್ವರ್‌ಸ್ಟೀನ್.

ಧಾರವಾಡದವ

ಹಾಗಾದರೆ ಕಿಟ್ಟಿ ವೆಲ್ಸ್ ವಿಷಯದಲ್ಲಿ ಬೇರೆಯವರು ಬರೆದದ್ದು ಎಂದು ಪಕ್ಕಕ್ಕಿಟ್ಟು, ಲೊರೆಟ್ಟಾ ವಿಷಯದಲ್ಲಿ ಬೇರೆಯವರು ಬರೆದದ್ದನ್ನೂ ಅವರ ಲೆಕ್ಕಕ್ಕೆ ಬರೆಯುವುದು ನ್ಯಾಯವಾ? ಗಂಭೀರವಾಗಿಯೇ ಕೇಳುತ್ತಿದ್ದೇನೆ.

ಹಾಡುಹಕ್ಕಿ

ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಹೀಗಿದೆ. 1975ರ ಹೊತ್ತಿಗೆ ಲೊರೆಟ್ಟಾ ಹಾಡು ಎಂದರೆ ಹೇಗಿರಬೇಕು ಎಂದು ಬರೆಯುವವರಿಗೆಲ್ಲ ಗೊತ್ತಿತ್ತು. ಗೊತ್ತಾಗುವ ಹಾಗೆ ಮಾಡಿದ್ದು ಅವರೇ ಬರೆದ ಹಾಡುಗಳು. ಸಿಲ್ವರ್‌ಸ್ಟೀನ್ ಆಗಲಿ ಅಲನ್ ಆಗಲಿ, ಅವರು ಕಟ್ಟಿದ ಮನೆಯೊಳಗೆ ಬಂದು ಬರೆದರು. ಕಿಟ್ಟಿ ವೆಲ್ಸ್‌ಗೆ ಆ ಹಾಡು ಹೊರಗಿನಿಂದ ಬಂದದ್ದು. ಇದು ವ್ಯತ್ಯಾಸ.

ಅಲ್ಲದೆ ಅದೇ ಕಾಲದ 'ರೇಟೆಡ್ ಎಕ್ಸ್' ಇದೆಯಲ್ಲ, ಅದು ಅವರೇ ಬರೆದದ್ದು. ಡೈವೋರ್ಸ್ ಆದ ಹೆಂಗಸನ್ನು ಗಂಡಸರು ಹೇಗೆ ನೋಡುತ್ತಾರೆ, ಹೆಂಗಸರು ಬೆನ್ನ ಹಿಂದೆ ಏನು ಆಡಿಕೊಳ್ಳುತ್ತಾರೆ ಎನ್ನುವ ಹಾಡು. ಅದಕ್ಕೂ ಗಲಾಟೆ ಆಯಿತು, ಆದರೂ 1973ರಲ್ಲಿ ಮೊದಲ ಸ್ಥಾನ. ಧೈರ್ಯದ ವಿಷಯಕ್ಕೆ ಬಂದರೆ ನಾನು 'ದಿ ಪಿಲ್'ಗಿಂತ ಇದನ್ನೇ ಮುಂದೆ ಇಡುತ್ತೇನೆ.

ಹೊಸಪೇಟೆ ಅಕ್ಕ

ಎಲ್ಲರೂ ಹಾಡಿನ ಮಾತಾಡುತ್ತಿದ್ದೀರಿ. ನನಗೆ ಆ ಗಂಡನ ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿದೆ. 15 ವರ್ಷದ ಹುಡುಗಿಯನ್ನು ಮದುವೆಯಾದ. ಕುಡಿಯುತ್ತಿದ್ದ, ಬೇರೆ ಹೆಂಗಸರ ಸಹವಾಸ ಇತ್ತು, ಕೈ ಎತ್ತುತ್ತಿದ್ದ. ಗಿಟಾರ್ ತಂದುಕೊಟ್ಟ ಎನ್ನುವ ಒಂದೇ ಕಾರಣಕ್ಕೆ ಅವನನ್ನು ಕಥಾನಾಯಕ ಮಾಡುವುದು ನನಗೆ ಒಪ್ಪಿಗೆ ಇಲ್ಲ. ಸಿನಿಮಾ ನೋಡಿದಾಗಲೂ ಇದೇ ಅನ್ನಿಸಿತು. ಪ್ರತಿಭೆ ಅವಳದು. ಬೇರೆ ಯಾರಾದರೂ ಒಳ್ಳೆಯವನು ಸಿಕ್ಕಿದ್ದರೂ ಆಕೆ ಹಾಡುತ್ತಿದ್ದಳು.

ಮಲೆನಾಡ ಹುಡುಗಿ

ಅಕ್ಕಾ, ನಿಮ್ಮ ಸಿಟ್ಟು ನನ್ನದೂ ಹೌದು. ಆದರೆ ಲೊರೆಟ್ಟಾ ಇದನ್ನು ಮುಚ್ಚಿಡಲಿಲ್ಲ. 1976ರ ಆತ್ಮಕಥೆಯಲ್ಲಿ, ಆಮೇಲಿನ ಸಂದರ್ಶನಗಳಲ್ಲಿ ಎಲ್ಲವನ್ನೂ ಹೇಳಿದರು. ಅವನು ಹೊಡೆದರೆ ನಾನು ಎರಡು ಹೊಡೆಯುತ್ತಿದ್ದೆ ಎಂದೂ ಹೇಳಿದರು. ಅವನಿಲ್ಲದಿದ್ದರೆ ನನಗೆ ವೃತ್ತಿಯೇ ಇರುತ್ತಿರಲಿಲ್ಲ ಎಂದೂ ಹೇಳಿದರು. ಎರಡೂ ಮಾತು ಒಬ್ಬರ ಬಾಯಿಂದಲೇ. ಅವರ ಬದುಕಿನ ಲೆಕ್ಕವನ್ನು ನಾವು ಅವರಿಗಿಂತ ಚೆನ್ನಾಗಿ ಹಾಕಲು ಆಗುತ್ತದಾ?

ಹೊಸಪೇಟೆ ಅಕ್ಕ

ಅವರ ಲೆಕ್ಕ ಅವರದು, ಸರಿ. ಆದರೆ ನಾವು ಹೇಳುವಾಗ ಹೇಗೆ ಹೇಳುತ್ತೇವೆ ಎನ್ನುವುದು ನಮ್ಮ ಕೈಯಲ್ಲಿದೆ. ಹೊಡೆತವನ್ನು ಒಂದು ಸಾಲಿನಲ್ಲಿ ದಾಟಿಸಿ ಗಿಟಾರ್‌ಗೆ ಒಂದು ಪುಟ ಕೊಡುವುದು ಬೇಡ. ಅಷ್ಟೇ ನನ್ನ ಮಾತು.

ಹಾಡುಹಕ್ಕಿ

ಅಕ್ಕಾ, ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಒಂದು ವಿಷಯ ಸೇರಿಸುತ್ತೇನೆ. ಆ ಸಿಟ್ಟಿನ ಹಾಡುಗಳಲ್ಲಿ ಹೆಚ್ಚಿನವು ಡೂಗೆ ಹೇಳಿದ್ದು. 'ಫಿಸ್ಟ್ ಸಿಟಿ' ಬರೆದದ್ದು ತಾನು ಊರೂರು ತಿರುಗುತ್ತಿದ್ದಾಗ ಅವನ ಹಿಂದೆ ಬಿದ್ದಿದ್ದ ಹೆಂಗಸಿಗೆ. ಹಾಡು ಬಿಡುಗಡೆ ಆಗುವವರೆಗೂ ಗಂಡನಿಗೆ ಕೇಳಿಸಿರಲಿಲ್ಲವಂತೆ. 1968ರಲ್ಲಿ ಅದೂ ಮೊದಲ ಸ್ಥಾನ. ತನ್ನ ಮನೆ ಜಗಳವನ್ನು ಇಡೀ ದೇಶದ ಮುಂದೆ ಇಟ್ಟಳು ಎಂದು ಯಾರೂ ಅವಳನ್ನು ಬಿಟ್ಟುಹೋಗಲಿಲ್ಲ. ಮನೆಮನೆಯಲ್ಲೂ ಅದೇ ಜಗಳ ಇತ್ತು.

ಡೂ 1996ರಲ್ಲಿ ಸಕ್ಕರೆ ಕಾಯಿಲೆಯಿಂದ ತೀರಿಹೋದ. ಕೊನೆಯ ವರ್ಷಗಳಲ್ಲಿ ಲೊರೆಟ್ಟಾ ಕಾರ್ಯಕ್ರಮಗಳನ್ನು ಬಿಟ್ಟು ಅವನ ಆರೈಕೆ ಮಾಡಿದರು. ಸುಮಾರು 48 ವರ್ಷದ ಸಂಸಾರ.

ನ್ಯಾಶ್‌ವಿಲ್ ನಿವಾಸಿ

ನಾನು ಟೆನೆಸಿಯಲ್ಲೇ ಇರುವ ಕನ್ನಡಿಗ. ಕನ್ನಡದಲ್ಲಿ ಈ ಎಳೆ ನೋಡಿ ತುಂಬಾ ಸಂತೋಷ ಆಯಿತು. ನ್ಯಾಶ್‌ವಿಲ್‌ಗೆ ಬಂದವರನ್ನು ನಾನು ಮೊದಲು ರೈಮನ್ ಸಭಾಂಗಣಕ್ಕೆ ಕರೆದುಕೊಂಡು ಹೋಗುತ್ತೇನೆ. 1974ರವರೆಗೆ ಆಪ್ರಿ ನಡೆಯುತ್ತಿದ್ದದ್ದು ಅಲ್ಲೇ. ಮೊದಲು ಪ್ರಾರ್ಥನಾ ಮಂದಿರವಾಗಿ ಕಟ್ಟಿದ್ದು, ಅದಕ್ಕೇ ಇವತ್ತೂ ಮರದ ಉದ್ದ ಬೆಂಚುಗಳಿವೆ. ಲೊರೆಟ್ಟಾ ಮತ್ತು ಡೂ ಮೊದಲ ಸಲ ಬಂದಾಗ ಅದರ ಮುಂದೆ ಕಾರು ನಿಲ್ಲಿಸಿ ಅಲ್ಲೇ ಮಲಗಿದ್ದರು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ.

ಅವರ ಜಮೀನು ಇರುವುದು ಹರಿಕೇನ್ ಮಿಲ್ಸ್‌ನಲ್ಲಿ, ನ್ಯಾಶ್‌ವಿಲ್‌ನಿಂದ ಪಶ್ಚಿಮಕ್ಕೆ ಐ-40 ಹೆದ್ದಾರಿ ಹಿಡಿದರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ದೊಡ್ಡ ಬಿಳಿ ಮನೆ, ಪಕ್ಕದಲ್ಲಿ ಹೊಳೆ, ಹಳೇ ಹಿಟ್ಟಿನ ಗಿರಣಿ. ಕೆಂಟಕಿಯ ಮರದ ಮನೆಯಂತೆಯೇ ಇನ್ನೊಂದನ್ನು ಅಲ್ಲಿ ಕಟ್ಟಿಸಿದ್ದಾರೆ. ವಸ್ತುಸಂಗ್ರಹಾಲಯ ಇದೆ. ನೆಲ ಮುಟ್ಟುವ ಉದ್ದನೆಯ ಗೌನ್‌ಗಳು ಸಾಲುಸಾಲಾಗಿವೆ. ಆ ಜಾಗ ದುಃಖವನ್ನೂ ಕಂಡಿದೆ. ದೊಡ್ಡ ಮಗ ಜ್ಯಾಕ್ ಬೆನ್ನಿ 1984ರಲ್ಲಿ ಅಲ್ಲೇ ನದಿ ದಾಟುವಾಗ ಮುಳುಗಿ ತೀರಿಹೋದರು. 2021ರ ಆಗಸ್ಟ್‌ನಲ್ಲಿ ಈ ಕೌಂಟಿಗೆ ಭಾರಿ ಪ್ರವಾಹ ಬಂದಾಗ ಜಮೀನಿನ ಮೇಲ್ವಿಚಾರಕರೂ ಪ್ರಾಣ ಕಳೆದುಕೊಂಡರು. ಲೊರೆಟ್ಟಾ ಕೊನೆಯುಸಿರೆಳೆದದ್ದೂ ಅದೇ ಮನೆಯಲ್ಲಿ, 2022ರ ಅಕ್ಟೋಬರ್ 4ರಂದು, 90ನೇ ವಯಸ್ಸಿನಲ್ಲಿ.

ಸ್ಟೀಲ್ ಗಿಟಾರ್

ಸಂಗೀತದ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಸ್ವಲ್ಪ ಮಾತಾಡುತ್ತೇನೆ.

ಓವೆನ್ ಬ್ರಾಡ್ಲಿ ಎಂದರೆ ಪ್ಯಾಟ್ಸಿ ಕ್ಲೈನ್ ಹಾಡುಗಳಿಗೆ ಪಿಟೀಲುಗಳ ಗುಂಪು, ಹಿಂದೆ ನಯವಾದ ಕೋರಸ್ ಸೇರಿಸಿದವರು. ಪಟ್ಟಣದವರಿಗೂ ಹಿಡಿಸುವ ಹಾಗೆ ಕಂಟ್ರಿಯನ್ನು ನುಣುಪು ಮಾಡಿದವರು. ಅದೇ ಮನುಷ್ಯ ಲೊರೆಟ್ಟಾ ವಿಷಯದಲ್ಲಿ ಆ ನುಣುಪನ್ನು ಬಿಟ್ಟುಕೊಟ್ಟರು. ಸ್ಟೀಲ್ ಗಿಟಾರ್ (ತಂತಿಯ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವ ವಾದ್ಯ) ಮುಂದೆ ಬಂತು. ಕೆಂಟಕಿ ಗುಡ್ಡದ ಉಚ್ಚಾರಣೆಯನ್ನು ತಿದ್ದಲು ಹೋಗಲಿಲ್ಲ.

'ಕೋಲ್ ಮೈನರ್ಸ್ ಡಾಟರ್' ಹಾಡನ್ನೇ ನೋಡಿ. 1969ರಲ್ಲಿ ರೆಕಾರ್ಡ್, 1970ರಲ್ಲಿ ಬಿಡುಗಡೆ, ಆ ಡಿಸೆಂಬರ್‌ನಲ್ಲಿ ಮೊದಲ ಸ್ಥಾನ. ಅದರಲ್ಲಿ ಪಲ್ಲವಿ ಇಲ್ಲ! ತಿರುಗಿ ತಿರುಗಿ ಬರುವ ಸಾಲು ಒಂದೂ ಇಲ್ಲ. ಬರೀ ಚರಣಗಳು, ಒಂದಾದ ಮೇಲೊಂದು. ಕೇಳುಗರಿಗೆ ಬೇಸರ ಬರಬೇಕಿತ್ತು. ಬರುವುದಿಲ್ಲ. ಏಕೆಂದರೆ ನಡುನಡುವೆ ಶ್ರುತಿ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ, ಕತೆಯೂ ಜೊತೆಗೆ ಮೇಲೇಳುತ್ತದೆ. ಇನ್ನೂ ಹಲವು ಚರಣ ಬರೆದಿದ್ದರು. ತುಂಬಾ ಉದ್ದ ಆಯಿತು ಎಂದು ಬ್ರಾಡ್ಲಿ ಕತ್ತರಿಸಿದರು. ಕತ್ತರಿಸಿದ ಸಾಲುಗಳನ್ನು ಸ್ಟುಡಿಯೋದಲ್ಲೇ ಬಿಟ್ಟು ಬಂದೆ ಎಂದು ಲೊರೆಟ್ಟಾ ಕೊನೆಯವರೆಗೂ ಕೊರಗುತ್ತಿದ್ದರು.

ವಿವರಗಳನ್ನು ಗಮನಿಸಿ. ಬಟ್ಟೆ ಒಗೆದು ಒಗೆದು ಅಮ್ಮನ ಬೆರಳಿನಲ್ಲಿ ರಕ್ತ. ರಾತ್ರಿಯಿಡೀ ಗಣಿ, ಹಗಲು ಜೋಳದ ಹೊಲ, ಹೀಗೆ ಅಪ್ಪನ ದುಡಿಮೆ. ಬೇಸಿಗೆಯಲ್ಲಿ ಬರಿಗಾಲು, ಚಳಿಗಾಲಕ್ಕೆ ಹಂದಿ ಮಾರಿದ ದುಡ್ಡಲ್ಲಿ ಹೊಸ ಬೂಟು. ಬಡತನ ಎನ್ನುವ ಪದ ಹಾಡಿನಲ್ಲಿದೆ, ಆದರೆ ಹಾಡು ನಿಂತಿರುವುದು ಆ ಪದದ ಮೇಲಲ್ಲ. ಈ ಸಾಮಾನುಗಳ ಮೇಲೆ.

ರೇಡಿಯೋ ಕಿವಿ

ಅಪ್ಪ ಇದನ್ನು ಕೇಳಲೇ ಇಲ್ಲ ಎನ್ನುವುದು ನನ್ನನ್ನು ಕಾಡುವ ವಿಷಯ. ಟೆಡ್ ವೆಬ್ 1959ರಲ್ಲೇ ತೀರಿಹೋದರು, 52 ವರ್ಷಕ್ಕೆ. ಗಣಿಯ ಧೂಳು ಶ್ವಾಸಕೋಶ ತಿಂದಿತ್ತು. ಮಗಳ ಮೊದಲ ರೆಕಾರ್ಡ್ ಬಂದದ್ದು ಅದರ ಮರುವರ್ಷ.

ಧಾರವಾಡದವ

ಹಾಡುಹಕ್ಕಿಯವರೇ, ಹಾಗಾದರೆ ಅವರ ಅತಿ ದೊಡ್ಡ ಹಾಡೇ ನಿಮ್ಮ ಲೆಕ್ಕಕ್ಕೆ ಹೊರಗಿದೆ. 'ಕೋಲ್ ಮೈನರ್ಸ್ ಡಾಟರ್' ಯಾರಿಗೂ ಹೇಳಿದ ಮಾತಲ್ಲ. ಎದುರಿಗೆ ಯಾರೂ ಇಲ್ಲ.

ಹಾಡುಹಕ್ಕಿ

ಇದನ್ನು ನಾನೂ ತುಂಬಾ ಯೋಚಿಸಿದ್ದೇನೆ. ಎದುರಿಗೆ ಇದ್ದಾರೆ. ನ್ಯಾಶ್‌ವಿಲ್ ಇದೆ. ಗುಡ್ಡಗಾಡಿನವರು ಎಂದರೆ ಹಲ್ಲುಜ್ಜದವರು, ಓದಿಲ್ಲದವರು, ನಗುವುದಕ್ಕೆ ಇರುವವರು ಎಂದು ಅಮೆರಿಕದ ಟಿವಿಯೆಲ್ಲ ತೋರಿಸುತ್ತಿದ್ದ ಕಾಲ ಅದು. ಆ ಹಾಡಿನ ಮೊದಲ ಸಾಲೇ ತಾನು ಗಣಿ ಕೆಲಸಗಾರನ ಮಗಳಾಗಿ ಹುಟ್ಟಿದೆ ಎಂದು ಹೇಳುತ್ತದೆ. ಕೊನೆಗೆ ಬರುವಾಗಲೂ ಹೆಮ್ಮೆ ಒಂದು ಚೂರೂ ಇಳಿಯುವುದಿಲ್ಲ. ಕೇಳುವವರು ಯಾರು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನೀವು ಒಪ್ಪದೆ ಇರಬಹುದು, ನನ್ನ ಕಿವಿಗೆ ಹಾಗೇ ಕೇಳಿಸುತ್ತದೆ.

ಧಾರವಾಡದವ

ಅರ್ಧ ಒಪ್ಪಿದೆ. ಉಳಿದರ್ಧಕ್ಕೆ ಹಾಡನ್ನು ಮತ್ತೆ ಕೇಳುತ್ತೇನೆ.

ಕಾನೂನು ಮಾತು

ಒಂದು ವಿಷಯ ಯಾರೂ ಎತ್ತಿಲ್ಲ. 1970ರ ದಶಕದಲ್ಲಿ ಅವರು ಬರೆಯುವುದು ಯಾಕೆ ಕಡಿಮೆಯಾಯಿತು? ಉತ್ತರ ಕಾಗದದಲ್ಲಿದೆ. ನ್ಯಾಶ್‌ವಿಲ್‌ಗೆ ಬಂದ ಹೊಸದರಲ್ಲಿ ಗಾಯಕ ಜೋಡಿ ವಿಲ್ಬರ್ನ್ ಸಹೋದರರು ಕೈಹಿಡಿದರು. ಡೆಕ್ಕಾ ಕಂಪನಿಗೆ ಸೇರಿಸಿದ್ದು ಅವರೇ, ತಮ್ಮ ಟಿವಿ ಕಾರ್ಯಕ್ರಮದಲ್ಲಿ ವಾರವಾರ ಹಾಡಿಸಿದ್ದೂ ಅವರೇ. ಅದರ ಜೊತೆಗೆ ಹಾಡುಗಳ ಪ್ರಕಾಶನ ಹಕ್ಕು ಅವರ ಷೂರ್-ಫೈರ್ ಮ್ಯೂಸಿಕ್ ಸಂಸ್ಥೆಗೆ ಹೋಯಿತು. ಮುಂದೆ ಅವರಿಂದ ಬೇರೆಯಾದಾಗ ವ್ಯಾಜ್ಯ ಕೋರ್ಟು ಹತ್ತಿತು. ಹಳೆಯ ಹಾಡುಗಳ ಹಕ್ಕು ಅವರ ಬಳಿಯೇ ಉಳಿಯಿತು. ಹೊಸದು ಬರೆದರೂ ಅಲ್ಲಿಗೇ ಹೋಗುತ್ತದೆ ಎನ್ನುವ ಬೇಸರಕ್ಕೆ ಲೊರೆಟ್ಟಾ ಬರೆಯುವುದನ್ನೇ ಕಡಿಮೆ ಮಾಡಿದರು.

ಹಾಡು ಬರೆಯುವವರಿಗೆ ಪ್ರಕಾಶನ ಹಕ್ಕು ಎಂದರೆ ಹೊಲದ ಪಹಣಿ ಇದ್ದಂತೆ. ಉತ್ತವರು ಯಾರೇ ಇರಲಿ, ಪಹಣಿಯಲ್ಲಿ ಹೆಸರಿದ್ದವರಿಗೆ ಬೆಳೆ. ರೇಡಿಯೋದಲ್ಲಿ ಬಂದಾಗ, ಬೇರೆಯವರು ಹಾಡಿದಾಗ, ಸಿನಿಮಾದಲ್ಲಿ ಬಳಸಿದಾಗ ಬರುವ ಹಣದಲ್ಲಿ ದೊಡ್ಡ ಪಾಲು ಪ್ರಕಾಶಕರಿಗೆ ಹೋಗುತ್ತದೆ. ಅವರು ಬರೆಯದೆ ಉಳಿಸಿದ ಹಾಡುಗಳು ನಮ್ಮೆಲ್ಲರ ನಷ್ಟ. ಇದನ್ನು ನೆನೆದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಮಲೆನಾಡ ಹುಡುಗಿ

@ಕಾನೂನು ಮಾತು, ಇದು ಗೊತ್ತೇ ಇರಲಿಲ್ಲ. ತುಂಬಾ ಥ್ಯಾಂಕ್ಸ್. ಆ ವರ್ಷಗಳಲ್ಲೇ ಅಲ್ವಾ ಗಾಯಕ ಕಾನ್ವೇ ಟ್ವಿಟ್ಟಿ ಜೊತೆಗಿನ ಜೋಡಿ ಹಾಡುಗಳು ಬಂದದ್ದು? 1971ರಿಂದ 1975ರವರೆಗೆ ಸಾಲಾಗಿ ಐದು ಹಾಡು ಮೊದಲ ಸ್ಥಾನ. ಮೊದಲನೆಯದಕ್ಕೆ ಗ್ರ್ಯಾಮಿ. 1972ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ಕಲಾವಿದರ ಪ್ರಶಸ್ತಿ, ಅದನ್ನು ಪಡೆದ ಮೊದಲ ಹೆಂಗಸು. ಹೊರಗಿನಿಂದ ನೋಡಿದರೆ ಅವರ ಅತಿ ಎತ್ತರದ ಕಾಲ. ಒಳಗೆ ಹೀಗಿತ್ತಾ!

ಹೊಸಪೇಟೆ ಅಕ್ಕ

ಸ್ತ್ರೀವಾದಿ ಎನ್ನಬಹುದಾ ಅವರನ್ನು?

ರೇಡಿಯೋ ಕಿವಿ

ಅಕ್ಕಾ, ಅವರು ಆ ಹಣೆಪಟ್ಟಿ ಹಾಕಿಕೊಳ್ಳಲಿಲ್ಲ. ರಾಜಕೀಯವಾಗಿ ನೋಡಿದರೆ ದೊಡ್ಡ ಬುಷ್ ಪರ ಪ್ರಚಾರ ಮಾಡಿದರು, 2016ರಲ್ಲಿ ಟ್ರಂಪ್‌ಗೆ ಬೆಂಬಲ ಕೊಟ್ಟರು. ಒಬಾಮಾ ಕೈಯಿಂದ 2013ರಲ್ಲಿ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಪಡೆದರು. 'ದಿ ಪಿಲ್' ಬಗ್ಗೆ ಕೇಳಿದಾಗ, ನಾನು ಚಿಕ್ಕವಳಾಗಿದ್ದಾಗ ಈ ಮಾತ್ರೆ ಇದ್ದಿದ್ದರೆ ಪಾಪ್‌ಕಾರ್ನ್ ತಿಂದಂತೆ ತಿನ್ನುತ್ತಿದ್ದೆ ಎನ್ನುವ ಅರ್ಥದ ಮಾತು ಹೇಳಿದ್ದಾರೆ. ಹಳ್ಳಿ ಕಡೆಯ ಡಾಕ್ಟರುಗಳು ಬಂದು, ನಮ್ಮ ಕರಪತ್ರಗಳಿಗಿಂತ ನಿಮ್ಮ ಹಾಡು ಹೆಚ್ಚು ಕೆಲಸ ಮಾಡಿತು ಎಂದರಂತೆ. ಭಾಷಣ ಕೇಳಲು ಬರದ ಹೆಂಗಸರ ಅಡುಗೆಮನೆಗೆ ಅವರ ಹಾಡು ಹೋಯಿತು. ಹೆಸರು ಏನು ಕೊಡಬೇಕೋ ನೀವೇ ಹೇಳಿ.

ನ್ಯಾಶ್‌ವಿಲ್ ನಿವಾಸಿ

2004ರ 'ವ್ಯಾನ್ ಲಿಯರ್ ರೋಸ್' ಆಲ್ಬಂ ಬಗ್ಗೆ ಹೇಳದೆ ಈ ಮಾತು ಮುಗಿಯಬಾರದು. ಆಗ ಲೊರೆಟ್ಟಾಗೆ 72. ದಿ ವೈಟ್ ಸ್ಟ್ರೈಪ್ಸ್ ರಾಕ್ ಬ್ಯಾಂಡ್‌ನ ಜ್ಯಾಕ್ ವೈಟ್‌ಗೆ ಇನ್ನೂ ಮೂವತ್ತು ಆಗಿರಲಿಲ್ಲ. ಆತ ತನ್ನ ಬ್ಯಾಂಡ್‌ನ 2001ರ ಆಲ್ಬಂ ಒಂದನ್ನು ಲೊರೆಟ್ಟಾಗೆ ಅರ್ಪಿಸಿದ್ದ. ಅಲ್ಲಿಂದ ಪರಿಚಯ. ಆಮೇಲೆ ಇವರ ಆಲ್ಬಂ ನಿರ್ಮಿಸಿದ. ಈಸ್ಟ್ ನ್ಯಾಶ್‌ವಿಲ್‌ನ ಒಂದು ಮನೆಯಲ್ಲಿ ರೆಕಾರ್ಡ್ ಮಾಡಿದರು. 13 ಹಾಡು, ಎಲ್ಲದರ ಮಾತೂ ಲೊರೆಟ್ಟಾದ್ದು. ಎರಡು ಗ್ರ್ಯಾಮಿ ಬಂದವು.

@ಕಾನೂನು ಮಾತು ಸರ್, ನೀವು ಹೇಳಿದ್ದಕ್ಕೆ ಇದನ್ನು ಜೋಡಿಸಿ ನೋಡಿ. ಅಷ್ಟು ವರ್ಷ ಬರೆಯದೆ ಇಟ್ಟಿದ್ದು ಆ ಆಲ್ಬಂನಲ್ಲಿ ಬಂದಂತೆ ನನಗೆ ಅನ್ನಿಸುತ್ತದೆ. ಗಂಡನ ಪ್ರೇಯಸಿಯ ಮನೆ ಬಾಗಿಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಇವರ ಅಪ್ಪನನ್ನು ನೀನು ಕಿತ್ತುಕೊಳ್ಳುತ್ತಿದ್ದೀಯ ಎಂದು ಹೇಳುವ ಹಾಡು ಅದರಲ್ಲಿದೆ. ಹೆಸರು 'ಫ್ಯಾಮಿಲಿ ಟ್ರೀ'. 72ನೇ ವಯಸ್ಸಿನಲ್ಲೂ ಬಾಗಿಲಲ್ಲೇ ನಿಂತಿದ್ದಾರೆ!

ಬೆಂಗಳೂರು ಬಾಲು

ನಾನು ಕಂಟ್ರಿ ಸಂಗೀತ ಕೇಳಿದ್ದೇ ಕಡಿಮೆ. ಎಲ್ಲಿಂದ ಶುರು ಮಾಡಲಿ? ಸಿನಿಮಾ ಮೊದಲು ನೋಡಲಾ?

ಹಾಡುಹಕ್ಕಿ

ಸಿನಿಮಾ ಚೆನ್ನಾಗಿದೆ. 1980ರದ್ದು, ಲೊರೆಟ್ಟಾ ಪಾತ್ರ ಮಾಡಿದ ಸಿಸ್ಸಿ ಸ್ಪೇಸೆಕ್‌ಗೆ ಆಸ್ಕರ್ ಬಂತು. ಹಾಡುಗಳನ್ನು ಆಕೆಯೇ ಹಾಡಿದ್ದಾರೆ, ಆ ಪಾತ್ರಕ್ಕೆ ಅವರೇ ಆಗಬೇಕು ಎಂದದ್ದು ಲೊರೆಟ್ಟಾ. ಆದರೆ ಹಾಡಿನಿಂದಲೇ ಶುರು ಮಾಡಿ. ಮೊದಲು 'ಡೋಂಟ್ ಕಮ್ ಹೋಮ್ ಎ-ಡ್ರಿಂಕಿನ್', ಆಮೇಲೆ 'ಫಿಸ್ಟ್ ಸಿಟಿ', 'ರೇಟೆಡ್ ಎಕ್ಸ್'. ಮೂರೂ ಎರಡೂವರೆ ನಿಮಿಷದ ಆಸುಪಾಸು. ಮಾತು ಅರ್ಥವಾಗಲಿಲ್ಲ ಎಂದರೆ ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿ. ಸುಮ್ನೆ ಹಿನ್ನೆಲೆಯಲ್ಲಿ ಹಾಕಿಬಿಟ್ಟರೆ ಅರ್ಧ ಕಳೆದುಹೋಗುತ್ತದೆ. 'ವ್ಯಾನ್ ಲಿಯರ್ ರೋಸ್' ಕೊನೆಗೆ, ಪೂರ್ತಿ ಆಲ್ಬಂ ಒಟ್ಟಿಗೆ.

ಸ್ಟೀಲ್ ಗಿಟಾರ್

@ಬೆಂಗಳೂರು ಬಾಲು, ಕಾನ್ವೇ ಟ್ವಿಟ್ಟಿ ಜೊತೆಗಿನ 'ಆಫ್ಟರ್ ದಿ ಫೈರ್ ಈಸ್ ಗಾನ್' ಕೂಡ ಸೇರಿಸಿಕೊಳ್ಳಿ. ಅದು ಲೊರೆಟ್ಟಾ ಬರೆದದ್ದಲ್ಲ, ಆದರೆ ಎರಡು ದನಿ ಸೇರುವ ಜಾಗದಲ್ಲಿ ಅವರ ಗಂಟಲು ಎಷ್ಟು ಗಟ್ಟಿ ಎಂದು ಗೊತ್ತಾಗುತ್ತದೆ. ಮುಂದಿನ ವಾರ ಯಾರಾದರೂ ಕ್ರಿಸ್ಟಲ್ ಗೇಲ್ ಬಗ್ಗೆ ಬೇರೆ ಎಳೆ ಶುರು ಮಾಡುತ್ತೀರಾ? ಒಂದೇ ಮನೆಯ ಇಬ್ಬರು, ಹಾಡುವ ರೀತಿ ಪೂರ್ತಿ ಬೇರೆ. ಅದಕ್ಕೆ ನನ್ನ ಹತ್ತಿರ ಬರೆಯಲು ತುಂಬಾ ಇದೆ.